ಭಂಕೂರದ ವಿಮರ್ಶಕಿ

೧೫ ಜೂನ್ ೨೦೦೮, ಭಾನುವಾರ

ಹನ್ನೊಂದು ವರ್ಷಗಳಿಂದ ನಾನು ಅಧ್ಯಕ್ಷನಾಗಿರುವ ಸೇಡಂ ಚಿತ್ರಪ್ರೇಮಿ ಬಳಗದಲ್ಲಿ ಇವತ್ತು ಒಂದು ಮೊಬೈಲು ಮಾತಾಡಿತು. ಮನುಷ್ಯರು ಬಾಯಿ ಮುಚ್ಚಿಕೊಂಡು ಕೇಳಿದರು.

ತಂದವನು ಅಂಬರಾಯ. ಬಸ್ ಸ್ಟ್ಯಾಂಡಿನ ಎದುರು ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಪಿಯುಸಿಯಲ್ಲಿ ಎರಡು ವರ್ಷ ನನ್ನ ಎದುರು ಕುಳಿತು ಕನ್ನಡ ಕಲಿತವನು, ಅಥವಾ ಕಲಿಯದೆ ಕುಳಿತವನು. ವಾರದ ಚಿತ್ರದ ಬಗ್ಗೆ ನಾನು ಮಾತು ತೆಗೆಯುವ ಮೊದಲೇ ಎದ್ದು ನಿಂತ.

"ಸರ್, ಇದೊಂದು ಕೇಳ್ರಿ. ಪಾಡ್‌ಕಾಸ್ಟ್ ಅಂತಾರ್ರಿ ಇದಕ್ಕ. ನೆಟ್ಟಿನ್ಯಾಗ ಹಾಕ್ತಾರ, ನಾವು ಇಳಿಸ್ಕೊಂಡು ಕೇಳೋದು. ಪಿಕ್ಚರ್ ಹ್ಯಾಂಗದ ಅಂತ ಒಬ್ಬಾಕಿ ಹೇಳ್ತಾಳ, ನಮ್ಮ ಶಹಾಬಾದ ಕಡಿ ಭಂಕೂರದಾಕಿ. ಪಿಕ್ಚರ್ ಹುಚ್ಚು ಇದ್ದವ್ರು ಎಲ್ಲಾರೂ ಕೇಳಬೇಕ್ರಿ. ನಾ ಕಾರ್ಡಿಗೆ ಹಾಕಿ ಕೊಡ್ತೀನಿ."

"ಭಂಕೂರದಲ್ಲಿ ಹಾಸುಗಲ್ಲು ಸಿಗುತ್ತದೆ. ವಿಮರ್ಶೆ ಸಿಗುವುದನ್ನು ನಾನು ಕೇಳಿಲ್ಲ" ಎಂದೆ. ನಾಲ್ಕು ಜನ ನಕ್ಕರು. ಕನ್ಯಾಶಾಲೆಯ ಲಾಲಮ್ಮ ಟೀಚರ್ ನಗಲಿಲ್ಲ. "ಕೇಳಿ ಆಮ್ಯಾಗ ಹೇಳ್ರಿ ಸರ್" ಎಂದರು. ಈ ಲಾಲಮ್ಮನವರಿಗೆ ನನ್ನ ಕುರ್ಚಿಯ ಮೇಲೆ ಕಣ್ಣಿದೆ ಎಂದು ನಾನು ಎಂದೋ ಬಲ್ಲೆ.

ಹತ್ತು ನಿಮಿಷ ಕೇಳಿದೆವು. "ಹೀರೋ ಅಳಾಕತ್ತಾನ, ನಮಗ ಆಕಳಿಕಿ ಬರಾಕತ್ತಾವ." ಇದು ವಿಮರ್ಶೆಯ ಭಾಷೆಯಂತೆ! ವಾರಪತ್ರಿಕೆಯಲ್ಲಿ ಇಷ್ಟು ವರ್ಷ ನಾನು ಅಂಕಣ ಬರೆದಿದ್ದೇನೆ, ಒಂದು ವಾಕ್ಯವೂ ಹೀಗೆ ಹಾದಿಬೀದಿಯಲ್ಲಿ ನಡೆದಿಲ್ಲ. "ವಿಮರ್ಶೆಗೆ ಒಂದು ಶಿಸ್ತು ಬೇಕು. ಇದು ಹರಟೆ" ಎಂದು ಸಭೆ ಮುಗಿಸಿದೆ.

ಇಳಿಯುವಾಗ ಕೊನೆಯ ಮೆಟ್ಟಿಲು ತಪ್ಪಿತು. ಅಂಬರಾಯ ತೋಳು ಹಿಡಿದ. ಬಿಡಿಸಿಕೊಂಡೆ. ಆ ಮೆಟ್ಟಿಲಿಗೆ ಸುಣ್ಣ ಹೊಡೆಯಿರಿ ಎಂದು ಎಷ್ಟು ಸಲ ಹೇಳಬೇಕು ಇವರಿಗೆ.

೧೮ ಜೂನ್

ವಿರೋಧಿಸುವುದಕ್ಕಾದರೂ ಪೂರ್ತಿ ಕೇಳಬೇಕೆಂದು ಹೆಂಡತಿ ಪದ್ಮಶ್ರೀಯ ಫೋನಿಗೆ ಹಾಕಿಸಿಕೊಂಡು ಬಂದೆ. ಅವಳು ಕೇಳಿದಳು, "ಯಾರ ಧ್ವನಿರಿ ಇದು?" "ಯಾರೋ ಅನಕ್ಷರಸ್ಥೆ" ಎಂದೆ.

ಅನಕ್ಷರಸ್ಥೆಯಲ್ಲ. ಹೆಸರು ಬಸವೇಶ್ವರಿ. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಆಫೀಸಿನಲ್ಲಿ ಲಾರಿ ಚೀಟಿ ಬರೆಯುವ ಕೆಲಸ. "ನಮಸ್ಕಾರ್ರಿ, ಊಟದ ಟೈಮ್ ಅದ, ಮಷೀನ್ ಬಂದ್ ಅವ. ಚಾಲೂ ಆಗೋತನಕ ಒಂದು ಪಿಕ್ಚರ್ ಮಾತಾಡೋಣ್ರಿ." ಹೀಗೆ ಶುರು. ಮಾತಿನ ನಡುವೆ ಮಷೀನು ಹೊರಟರೆ ಕೊನೆಯ ತೀರ್ಪನ್ನು ಕೂಗಿ ಹೇಳುತ್ತಾಳೆ. ನಿರ್ದೇಶಕನ ಹೆಸರು ಎರಡು ಸಲ ತಪ್ಪು. ಛಾಯಾಗ್ರಹಣ ಎಂಬ ಶಬ್ದವೇ ಗೊತ್ತಿಲ್ಲ, "ಬೆಳಕು ಹಿಡದಾರ" ಎನ್ನುತ್ತಾಳೆ.

ಈ ಕಂತಿನಲ್ಲಿ ಹೇಳಿದ್ದು ಹೋದ ತಿಂಗಳು ನಾನೂ ನೋಡಿದ ಚಿತ್ರ. ತಂದೆ ಮನೆ ಬಿಟ್ಟು ಹೋಗುವಾಗ ಮಗಳು ಪರದೆಯ ಮೂಲೆಯಲ್ಲಿ ಅವನ ಚಪ್ಪಲಿಯನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳುತ್ತಾಳಂತೆ. ಅಂಥದೊಂದು ಚಪ್ಪಲಿ ನನಗೆ ನೆನಪಿಲ್ಲ. ಅವಳು ಸೃಷ್ಟಿಸಿ ಹೇಳಿರಬೇಕು.

೨೭ ಜೂನ್

ಗುಲಬರ್ಗಾಕ್ಕೆ ಹೋಗಿ ಬಂದೆ. ಪದ್ಮಶ್ರೀಗೆ ಪಠ್ಯಪುಸ್ತಕ ಸಮಿತಿಯ ಸಭೆ ಎಂದಿದ್ದೆ.

ಕಣ್ಣಿನ ಡಾಕ್ಟರು ಗ್ಲುಕೋಮಾ ಎಂದರು. ಎಡಗಣ್ಣಿನದು ಬಹುಪಾಲು ಹೋಗಿದೆ, ಬಲಗಣ್ಣಿನಲ್ಲಿ ಅಂಚು ಹೋಗಿ ನಡುವಿನದು ಉಳಿದಿದೆ. ಹೋದದ್ದು ಬರುವುದಿಲ್ಲ, ಇದ್ದದ್ದು ಉಳಿಸಿಕೊಳ್ಳಬೇಕು, ದಿನಾ ಎರಡು ಹೊತ್ತು ಔಷಧಿ ಬಿಡಬೇಕು. ವರ್ಷದ ಹಿಂದೆಯೇ ಬರಬೇಕಿತ್ತು ಎಂದು ಗದರಿದರು, ನನ್ನ ಅರ್ಧ ವಯಸ್ಸಿನವರು.

ನಿವೃತ್ತಿಗೆ ಎರಡು ವರ್ಷವಿದೆ. ಯಾರಿಗೂ ಹೇಳುವ ಅಗತ್ಯವಿಲ್ಲ.

೬ ಜುಲೈ, ಭಾನುವಾರ

ಶುಕ್ರವಾರ ಹೊಸ ಕನ್ನಡ ಚಿತ್ರ ನೋಡಿದೆ. ಬಡ ಮನೆಯ ಸೊಸೆಯ ಕಥೆ. ಹಗಲಿನ ದೃಶ್ಯಗಳು ನಡೆಯುತ್ತವೆ. ಅಡುಗೆಮನೆಯ ದೃಶ್ಯಗಳು, ಅರ್ಧ ಚಿತ್ರವೇ ಅಡುಗೆಮನೆ, ಕರಿ ಕಂಬಳಿ ಹೊದಿಸಿದಂತೆ. ಮಾತು ಕೇಳುತ್ತ ಕುಳಿತೆ. ಪಕ್ಕದವನು ಎರಡು ಸಲ "ಅಯ್ಯೋ" ಅಂದ. ಯಾತಕ್ಕೆ ಅಂದನೋ ತಿಳಿಯಲಿಲ್ಲ. ಕೇಳುವ ಹಾಗೂ ಇರಲಿಲ್ಲ.

ನಿನ್ನೆ ಸಂಜೆ ಭಂಕೂರದವಳು ಅದೇ ಚಿತ್ರದ ಬಗ್ಗೆ ಹಾಕಿದ್ದಳು. ಶಹಾಬಾದಿನಲ್ಲಿ ಮೊದಲ ದಿನವೇ ನೋಡಿದಳಂತೆ. "ಸೊಸಿ ದಿನಾ ತಾ ಉಂಡ ತಾಟು ತೊಳದು ಬೋರಲು ಹಾಕ್ತಾಳ್ರಿ. ಕಡೀಕ ಒಂದಿನ ಎರಡು ತಾಟು ಬೋರಲು ಹಾಕ್ತಾಳ. ಅಂದ್ರ ಆಕಿ ಸಂಗಟ ಯಾರೋ ಉಂಡಾರ. ಡೈಲಾಗ್ ಒಂದೂ ಇಲ್ಲ. ಅತ್ತಿ ಬಂದು ಕುಂತು ಉಂಡಾಳ ಅಂತ ನಾವ ತಿಳ್ಕೋಬೇಕು."

ನನ್ನ ಅಂಕಣ ಬರೆದು ಕಳಿಸಿದೆ. "ಎರಡು ತಟ್ಟೆಗಳ ಮೌನ ಪ್ರತಿಮೆಯಲ್ಲಿ ನಿರ್ದೇಶಕರು ಅತ್ತೆ ಸೊಸೆಯರ ಸಂಧಾನವನ್ನು ಧ್ವನಿಸಿದ್ದಾರೆ." ಸಾಮಗ್ರಿ ಯಾರದೇ ಇರಲಿ, ವಾಕ್ಯ ನನ್ನದು. ಪ್ರತಿಮೆ ಎಂಬ ಪದ ಅವಳ ಹತ್ತಿರ ಎಲ್ಲಿದೆ?

೧೩ ಜುಲೈ

ಬಳಗದಲ್ಲಿ ಅಂಕಣಕ್ಕೆ ಮೆಚ್ಚುಗೆ. "ತಾಟಿನ ಮಾತು ಭಾಳ ಛಲೋ ಬರದೀರಿ ಸರ್" ಎಂದರು ಯಾರೋ. ಅಂಬರಾಯ ಮಾತ್ರ ನೆಲ ನೋಡುತ್ತಿದ್ದ.

೨೦ ಜುಲೈ, ಭಾನುವಾರ

ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿವೆ.

ಇವತ್ತು ಬಳಗದಲ್ಲಿ ಅಂಬರಾಯ ಹೊಸ ಕಂತು ಹಾಕಿದ. ಮೊದಲೇ ಕೇಳಿದ್ದನೋ ಇಲ್ಲವೋ, ಕೇಳಿಯೇ ತಂದಿರಬೇಕು. ಅವಳು ಹೇಳಿದ್ದು ಇಷ್ಟು:

"ಹೋದ ಸಲ ನನ್ನ ಕಡಿಂದ ತಪ್ಪಾಗ್ಯಾದ್ರಿ, ಮಾಫ್ ಮಾಡ್ರಿ. ಪಿಕ್ಚರ್ ಮತ್ತೊಮ್ಮೆ ನೋಡ್ದೆ. ಬೋರಲು ಹಾಕಿದ್ದು ಎರಡು ತಾಟು ಅಲ್ಲ. ಒಂದು ತಾಟು, ಇನ್ನೊಂದು ಗಡಿಗಿ ಮುಚ್ಚಳ. ಅತ್ತಿ ಉಂಡಿಲ್ಲ, ಏನಿಲ್ಲ. ಸೊಸಿ ಕಡೀತನಕ ಒಬ್ಬಾಕೀನ ಉಂಡಾಳ. ಆದ್ರ ಒಂದು ಮಾತು ತಿಳೀವಲ್ದು. ಸೇಡಮ್ಮಿನ ದೊಡ್ಡ ಸರ್ ಒಬ್ರು ಪೇಪರಿನ್ಯಾಗ ಎರಡು ತಟ್ಟಿ ಅಂತ ಬರದಾರ. ನನ್ನ ತಪ್ಪು ಅವರಿಗೂ ಹ್ಯಾಂಗ ಕಾಣ್ತು?"

ಹದಿನೇಳು ಜನ. ಮೊದಲು ಒಬ್ಬ ಕೆಮ್ಮಿದ. ಆಮೇಲೆ ಎಲ್ಲರೂ ನಕ್ಕರು. ಲಾಲಮ್ಮ ನನ್ನನ್ನೇ ನೋಡುತ್ತ, "ಸರ್, ನೀವು ಯಾವ ಪಿಕ್ಚರ್ ನೋಡಿದ್ರಿ?" ಎಂದರು.

"ಒಂದೇ ದೋಷ ಇಬ್ಬರಿಗೂ ಸಂಭವಿಸಬಹುದು" ಎಂದು ಹೇಳಿ ಎದ್ದು ಬಂದೆ.

೨೪ ಜುಲೈ, ಗುರುವಾರ

ಅಂಕಣ ಪ್ರಕಟವಾಗಿದೆ. ಎರಡು ದಿನ ತಿದ್ದಿ ಬರೆದದ್ದು. ಭಾಷೆಯ ಅಧಃಪತನದಿಂದ ಆರಂಭಿಸಿ ಕೊನೆಯ ಪ್ಯಾರಾದಲ್ಲಿ ಕಾರ್ಖಾನೆಯ ಹೆಸರು ಹಾಕಿದ್ದೇನೆ. ಮಾಲೀಕರ ಕಂಪ್ಯೂಟರು, ಮಾಲೀಕರ ಇಂಟರ್ನೆಟ್ಟು, ಮಾಲೀಕರ ಸಮಯ, ಇವುಗಳಲ್ಲಿ ನೌಕರಳೊಬ್ಬಳು ಹರಟೆ ಹೊಡೆಯುತ್ತಿರುವುದು ಅವರಿಗೆ ತಿಳಿದಿದೆಯೇ ಎಂದು ಕೇಳಿದ್ದೇನೆ. ಊಟದ ಬಿಡುವಿನಲ್ಲಿ ಎಂಬುದನ್ನು ಬರೆಯಲಿಲ್ಲ. ಸ್ಥಳಾಭಾವ.

ಪದ್ಮಶ್ರೀ ಓದಿ ಪೇಪರು ಮಡಚಿಟ್ಟಳು.

೩ ಆಗಸ್ಟ್

ನಿಂತಿತು. ಎರಡು ವಾರದಿಂದ ಹೊಸದೇನೂ ಬಂದಿಲ್ಲ. ಅವಳಿಂದ ಕಂಪ್ಯೂಟರ್ ಕೋಣೆಯ ಬೀಗದ ಕೈ ಕಸಿದುಕೊಂಡಿದ್ದಾರಂತೆ.

ಈ ಸುದ್ದಿ ಹೇಳಿದ್ದು ಅಂಬರಾಯ, ಅದೂ ಅಂಗಡಿಯ ಒಳಗೆ ಕರೆಯದೆ. "ಖುಷಿ ಆತೇನ್ರಿ ಸರ್? ಇನ್ನ ನಿಮ್ಮ ರೀಚಾರ್ಜ್ ಬ್ಯಾರೆ ಕಡಿ ಮಾಡಿಸ್ಕೋರಿ." ಇಪ್ಪತ್ತು ವರ್ಷಗಳ ಹಿಂದೆ ಇವನಿಗೆ ಗ್ರೇಸ್ ಮಾರ್ಕ್ಸ್ ಕೊಟ್ಟವನು ನಾನು.

ಖುಷಿಯಾಗಿದೆ. ಯಾಕೆ ಆಗಬಾರದು?

೧೦ ಆಗಸ್ಟ್

ಹಿಂದಿ ಚಿತ್ರ. ಏನೂ ತಿಳಿಯಲಿಲ್ಲ. ಅರ್ಧಕ್ಕೆ ಎದ್ದು ಬಂದೆ. ಬರುವಾಗ ಯಾರದೋ ಕಾಲು ತುಳಿದೆ, "ಕಣ್ಣು ಕಾಣವಲ್ದೇನೋ" ಎಂದು ಬೈದರು.

೧೨ ಆಗಸ್ಟ್

ಅಂಕಣಕ್ಕೆ ಕುಳಿತೆ. "ಚಿತ್ರದ ಛಾಯಾಗ್ರಹಣ" ಎಂದು ಬರೆದು ಮುಂದೆ ಒಂದು ಗಂಟೆ ಕುಳಿತೆ. ಪದ್ಮಶ್ರೀ ಚಹಾ ತಂದಳು. ಕೈ ಚಾಚಿದೆ, ಕಪ್ಪು ಉರುಳಿ ಹಾಳೆಯ ಮೇಲೆ ಚೆಲ್ಲಿತು.

"ನೀ ಅಲ್ಲ್ಯಾಕ ಇಟ್ಟಿ? ಬುದ್ಧಿ ಅದ ಇಲ್ಲ?" ಎಂದು ಕೂಗಾಡಿದೆ.

ಅವಳು ಒರೆಸುತ್ತಲೇ ಹೇಳಿದಳು. "ದಿನಾ ಅಲ್ಲೇ ಇಡ್ತೀನ್ರಿ. ನಿಮಗ ಕಾಣವಲ್ದು. ನಂಗ ಯುಗಾದಿಯಿಂದ ಗೊತ್ತದ. ಬಾಗಿಲ ಚೌಕಟ್ಟಿಗೆ ಹಾಯ್ತೀರಿ, ಔಷಧಿ ಬಾಟ್ಲಿ ಪುಸ್ತಕದ ಹಿಂದ ಮುಚ್ಚಿಡ್ತೀರಿ. ನೀವಾಗೇ ಹೇಳ್ತೀರಿ ಅಂತ ಸುಮ್ಮನಿದ್ದೆ."

"ಹಂಗಾದ್ರ ಪತ್ತೇದಾರಿ ಮಾಡಾಕತ್ತಿದ್ದಿ?"

"ಹೂಂ, ಮಾಡಾಕತ್ತಿದ್ದೆ. ಮೂವತ್ತೊಂದು ವರ್ಷ ಸಂಸಾರ ಮಾಡೀನಿ, ಅಷ್ಟೂ ಮಾಡಬಾರದೇನು? ಆ ಹೆಣ್ಣುಮಗಳು ಏನ್ ಮಾಡಿತ್ರಿ ನಿಮಗ? ಆಕಿ ನೋಡಿದ್ದು ತಗೊಂಡ್ರಿ, ಆಮ್ಯಾಗ ಆಕಿ ಬಾಯಿ ಮುಚ್ಚಿಸಿದ್ರಿ."

ಇವತ್ತು ಮನೆಯಲ್ಲಿ ಯಾರ ಜೊತೆಗೂ ಯಾರೂ ಮಾತಾಡಲಿಲ್ಲ. ಮನೆಯಲ್ಲಿ ಇರುವುದು ಇಬ್ಬರೇ.

೧೭ ಆಗಸ್ಟ್

ಬಳಗಕ್ಕೆ ಹೋಗಲಿಲ್ಲ. ಅವಳ ಹಳೆಯ ಕಂತುಗಳನ್ನು ಮತ್ತೆ ಕೇಳಿದೆ, ತಪ್ಪುಗಳನ್ನು ಗುರುತು ಮಾಡಿಕೊಳ್ಳಲು. ಒಂಬತ್ತೂ ಕೇಳಿದೆ. ಎರಡು ಗುರುತು ಮಾಡಿದೆ.

ಒಂದರಲ್ಲಿ ಮಳೆಯ ದೃಶ್ಯ ಹೇಳುತ್ತಾಳೆ. "ಮಳಿ ಹುಡುಗಿ ಮ್ಯಾಲ ಅಷ್ಟೇ ಬೀಳ್ತದ. ಹಿಂದ ನಿಂತ ಎಮ್ಮಿ ಒಣಾ ಒಣಾ." ನಗು ಬಂತು. ಪದ್ಮಶ್ರೀ ಅಡುಗೆಮನೆಯಿಂದ ಇಣುಕಿದಳು. ಕೆಮ್ಮಿದೆ.

೨೪ ಆಗಸ್ಟ್, ಭಾನುವಾರ

ಭಂಕೂರಕ್ಕೆ ಹೋಗಿ ಬಂದೆ.

ಅಲ್ಲಿ ಕಾರ್ಖಾನೆಗೆ ಸೋಮವಾರ ರಜೆ, ಭಾನುವಾರ ಅಲ್ಲ ಎಂದು ಪದ್ಮಶ್ರೀ ಯಾರಿಂದಲೋ ಕೇಳಿ ತಿಳಿದಿದ್ದಳು. ನಾನು ಕೇಳಿರಲಿಲ್ಲ. ತಾನೂ ಬರುವುದಾಗಿ ಹೇಳಿದಳು, ಬೇಡವೆಂದೆ. ವಾಡಿಯಲ್ಲಿ ಗಾಡಿ ಬದಲಿಸುವಾಗ ಯಾವ ಪ್ಲಾಟ್‌ಫಾರ್ಮ್ ಎಂದು ಅಪರಿಚಿತ ಹೆಂಗಸನ್ನು ಕೇಳಬೇಕಾಯಿತು. "ಎದುರಿಗೇ ಬರದಾರಲ್ರಿ" ಎಂದಳು. ಶಹಾಬಾದಿನಿಂದ ಆಟೋ.

ಕಾರ್ಖಾನೆಯ ಆಫೀಸಿನಲ್ಲಿ ಎಲ್ಲದರ ಮೇಲೂ ಬಿಳಿ ಕಲ್ಲಿನ ಹುಡಿ. ಮೇಜಿನ ಹಿಂದೆ ಮೂವತ್ತು ಮೂವತ್ತೈದರ ಹೆಂಗಸು, ಚೀಟಿ ಬರೆಯುತ್ತಿದ್ದಳು. ಅವಳ ಮುಖಕ್ಕೆ ನೇರವಾಗಿ ನಿಂತೆ, ಹಾಗೆ ನಿಂತರೆ ಕಾಣುತ್ತದೆ.

"ಯಾರ್ರಿ? ಕಲ್ಲು ಬೇಕೇನು?"

"ನಾನು ರಘುವೀರ. ಸೇಡಂನಿಂದ ಬಂದಿದ್ದೇನೆ."

ಪೆನ್ನು ನಿಲ್ಲಲಿಲ್ಲ. ಚೀಟಿ ಮುಗಿಸಿ ಹರಿದು ಲಾರಿಯವನಿಗೆ ಕೊಟ್ಟಳು. ಕುಂದ್ರಿ ಎನ್ನಲಿಲ್ಲ.

"ನಿಮ್ಮ ಕಾರ್ಯಕ್ರಮ ನಿಂತಿದೆಯಂತೆ."

"ನಿಂತಿಲ್ರಿ. ನಿಲ್ಲಿಸೀರಿ."

"ನಾನು ಎತ್ತಿದ್ದು ಒಂದು ತಾತ್ವಿಕ ಪ್ರಶ್ನೆ..."

"ಅದು ಬ್ಯಾಡ್ರಿ. ತಾಟಿನ ಮಾತು ಹೇಳ್ರಿ. ನನ್ನ ತಪ್ಪು ನಿಮಗ ಹ್ಯಾಂಗ ಕಾಣ್ತು?"

ಹೊರಗೆ ಮಷೀನು ಕಲ್ಲು ತಿಕ್ಕುತ್ತಿತ್ತು. ಅದು ನಿಂತರೆ ಹೇಳೋಣವೆಂದು ಕಾದೆ. ನಿಲ್ಲಲಿಲ್ಲ. ಜೋರಾಗಿ ಹೇಳಬೇಕಾಯಿತು.

"ಕಾಣ್ಲಿಲ್ರಿ. ನಂಗ ತಾಟೇ ಕಾಣ್ಲಿಲ್ಲ. ಕಣ್ಣು ಹೋಗಾಕತ್ತಾವ. ಯಾರಿಗೂ ಹೇಳಿಲ್ಲ. ನೀವು ಹೇಳಿದ್ದು ಕೇಳಿ ಬರದೆ."

ಅವಳು ಪೆನ್ನು ಮೇಜಿನ ಮೇಲಿಟ್ಟಳು. ಕರುಣೆಯ ಮಾತು ಬಂದರೆ ಹೊರಟುಹೋಗುವುದೆಂದು ಮನಸ್ಸಿನಲ್ಲೇ ನಿಶ್ಚಯ ಮಾಡಿದ್ದೆ. ಬರಲಿಲ್ಲ.

"ಅದಕ್ಕ ನಾ ಏನ್ ಮಾಡ್ಬೇಕ್ರಿ? ಕಣ್ಣು ಕಾಣದಿದ್ರ ಇನ್ನೊಬ್ಬರ ನೌಕ್ರಿ ಮ್ಯಾಲ ಬೀಳ್ಬೇಕು ಅಂತ ಎಲ್ಲಿ ಅದ? ನನ್ನ ಗಂಡ ಬಿಟ್ಟು ಹೋಗಿ ಆರು ವರ್ಷ ಆತು. ಮನ್ಯಾಗ ನಮ್ಮವ್ವ, ನಾ. ಈ ಚೀಟಿ ಬರದ್ರ ಒಲಿ ಹತ್ತತದ. ವಾರದಾಗ ಅರ್ಧಾ ತಾಸು ಆ ಕಂಪ್ಯೂಟರ್ ಮುಂದ ಮಾತಾಡ್ತಿದ್ದೆ, ನನ್ನ ಮಾತು ಯಾರರೇ ಕೇಳ್ತಾರ ಅಂತ. ಅದನ್ನ ಹರಟಿ ಅಂತ ಬರದ್ರಿ."

"ಮಾಲೀಕರಿಗೆ ಹೇಳ್ತೀನಿ, ತಪ್ಪು ನಂದು ಅಂತ."

"ಹೇಳ್ರಿ. ಒಳಗ ಅದಾರ."

ಮಾಲೀಕರು ಹಾಜಿಮಲಂಗ್ ಸಾಹೇಬರು. ವಯಸ್ಸಾದವರು. ಎಲ್ಲ ಕೇಳಿಸಿಕೊಂಡು ಗಡ್ಡ ನೀವಿದರು. "ನಿಮ್ಮ ಲೇಖನ ಮೂರು ಮಂದಿ ತಂದು ಓದಿ ಹೇಳ್ಯಾರ್ರಿ ನಂಗ. ಈ ಕಾರ್ಖಾನಿ ಹೆಸರು ಪೇಪರಿನ್ಯಾಗ ಬಂದದ್ದು ಅದ ಮೊದಲು. ನೀವು ಇಲ್ಲಿ ನನ್ನ ಕಿವ್ಯಾಗ ಹೇಳಿದ್ರ ಏನ್ ಬಂತು? ಎಲ್ಲಿ ಹೊಲಸು ಮಾಡೀರಿ ಅಲ್ಲೇ ತೊಳೀರಿ. ಆಮ್ಯಾಗ ಬೀಗ ತಗೀತೀನಿ."

ಹೊರಗೆ ಬಂದಾಗ ಬಸವೇಶ್ವರಿ ಎದ್ದು ಆಟೋ ಕೂಗಿದಳು. ನನಗೆ ಹೇಳಲಿಲ್ಲ, ಆಟೋದವನಿಗೆ ಹೇಳಿದಳು. "ಇವ್ರಿಗೆ ಬರೋಬ್ಬರಿ ಸ್ಟೇಷನ್ ಒಳಗ ಬಿಡು. ಹೊರಗ ಅಲ್ಲ."

೨೮ ಆಗಸ್ಟ್, ಗುರುವಾರ

ಬಂದಿದೆ. ಅಂಕಣ ಅಲ್ಲ, ಹನ್ನೆರಡು ಸಾಲಿನ ತಪ್ಪೊಪ್ಪಿಗೆ. ಎಲ್ಲವನ್ನೂ ಬರೆದಿದ್ದೇನೆ: ಕಣ್ಣು, ತಟ್ಟೆ, ಊಟದ ಬಿಡುವು. ಪದ್ಮಶ್ರೀ ಸ್ಕೆಚ್ ಪೆನ್ನಿನಲ್ಲಿ ದಪ್ಪ ಗೆರೆ ಎಳೆದು ಕೊಟ್ಟಳು, ಗೆರೆಯ ಮೇಲೆ ಬರೆದೆ. ಸಂಪಾದಕ ಫೋನ್ ಮಾಡಿ ಇನ್ನು ಮುಂದೆ ತೊಂದರೆ ತೆಗೆದುಕೊಳ್ಳಬೇಡಿ ಎಂದ. ಹನ್ನೊಂದು ವರ್ಷದ ಅಂಕಣ ಮುಗಿಯಲು ಅರ್ಧ ನಿಮಿಷ ಹಿಡಿಯಿತು.

ಪ್ರಿನ್ಸಿಪಾಲರು ಕರೆಸಿದರು. "ಉತ್ತರ ಪತ್ರಿಕೆ ತಿದ್ದೋದು ಇನ್ನ ಬ್ಯಾಡ್ರಿ ಸರ್" ಎಂದರು. ಪಾಠ ಹೇಳುವುದು? "ಅದು ಬಾಯಿಲೆ ಹೇಳೋದು, ಹೇಳ್ರಿ." ಇದರಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ಗೊತ್ತಾಗಲಿಲ್ಲ.

೩೧ ಆಗಸ್ಟ್, ಭಾನುವಾರ

ಬಳಗ ತುಂಬಿತ್ತು. ಜಗಳ ನೋಡಲು ಬಂದವರೇ ಹೆಚ್ಚು. ಅಂಬರಾಯ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ. ನಾನು ಹೇಳಿದ್ದನ್ನು ನೆನಪಿದ್ದಂತೆ ಬರೆದಿಡುತ್ತೇನೆ.

"ನೋಡ್ರಿ, ಪೇಪರ್ ಓದೀರಿ, ಅದನ್ನ ಮತ್ತ ಹೇಳಂಗಿಲ್ಲ. ಇವತ್ತು ಒಂದೇ ಮಾತು. ಆ ಭಂಕೂರದಾಕಿ ಮಾತು ಎಲ್ಲಾರೂ ಕೇಳ್ರಿ. ನಿಮ್ಮ ಫೋನಿನ್ಯಾಗ ಹಾಕಿಸ್ಕೋರಿ. ಆಕಿಗೆ ಹೆಸರು ಬರೋಬ್ಬರಿ ನೆನಪಿರಂಗಿಲ್ಲ, ಒಮ್ಮೊಮ್ಮೆ ಮಷೀನ್ ಸಪ್ಪಳಕ್ಕ ಅರ್ಧಾನೇ ಕೇಳ್ತದ. ಆದ್ರ ನಾವು ಹೀರೋನ ಮಾರಿ ನೋಡ್ಕೋತ ಕುಂತಾಗ ಆಕಿ ಹಿಂದ ನಿಂತ ಎಮ್ಮಿ ನೋಡ್ತಾಳ. ತಪ್ಪಾದ್ರ ಮತ್ತ ಹೋಗಿ ನೋಡಿ ತಪ್ಪಾತು ಅಂತಾಳ. ನಾ ಹನ್ನೊಂದು ವರ್ಷದಾಗ ಒಮ್ಮೀನೂ ಹಂಗ ಅಂದಿಲ್ಲ."

"ಅಂದ್ರ ನೀವು ಇಷ್ಟು ದಿನ ಬರದದ್ದು ಎಲ್ಲಾ ಸುಳ್ಳೇನ್ರಿ?" ಹಿಂದಿನಿಂದ ಒಬ್ಬ ಕೂಗಿದ.

"ಒಂದು ವರ್ಷದ್ದು. ಅದಕ್ಕಿಂತ ಹಿಂದಿಂದು ಕಣ್ಣಿದ್ದೇ ಬರದೀನಿ. ಅದೂ ಛಲೋ ಇತ್ತು ಅಂತ ಹೇಳಂಗಿಲ್ಲ."

ಯಾರೂ ನಗಲಿಲ್ಲ, ಚಪ್ಪಾಳೆಯೂ ಇಲ್ಲ. ಅಧ್ಯಕ್ಷತೆ ಲಾಲಮ್ಮನವರಿಗೆ ಹೋಯಿತು. ಅವರಿಗೆ ಬೇಕಾದದ್ದು ಸಿಕ್ಕಿತು. ಕುರ್ಚಿ ಬಿಟ್ಟು ಏಳುವಾಗ, "ಮುಂದಿನ ಸಾಲಿನ್ಯಾಗ ಕುಂದ್ರಿ ಸರ್, ಅಲ್ಲಿ ಸ್ಪೀಕರ್ ಛಲೋ ಕೇಳ್ತದ" ಎಂದರು.

ನಾನು ಎರಡನೇ ಸಾಲಿನಲ್ಲಿ ಕುಳಿತೆ.

೨೦ ಸೆಪ್ಟೆಂಬರ್

ಬೀಗ ತೆಗೆದಿದ್ದಾರೆ. ಹೊಸ ಕಂತು ಬಂತು. ನನ್ನ ಹೆಸರು ಎತ್ತಲಿಲ್ಲ. "ನಡಬರಕ ಥೋಡೆ ಅಡಚಣಿ ಇತ್ರಿ" ಎಂದಳು, ಅಷ್ಟೇ. ಉಪಕಾರ ಸ್ಮರಣೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಆದರೂ ಅಡಚಣೆ!

೨೮ ಸೆಪ್ಟೆಂಬರ್

ಪದ್ಮಶ್ರೀಯ ಜೊತೆ ಚಿತ್ರಕ್ಕೆ ಹೋದೆ. ಅವಳು ಕಿವಿಯಲ್ಲಿ ಹೇಳುತ್ತ ಹೋದಳು. ಕೆಟ್ಟದಾಗಿ ಹೇಳುತ್ತಾಳೆ, ಸೀರೆಯ ಬಣ್ಣ ಮೊದಲು, ಕೊಲೆ ಆಮೇಲೆ. ಎರಡು ಸಲ ಜಗಳವಾಯಿತು.

ರೈಲ್ವೆ ಗ್ಯಾಂಗ್‌ಮನ್ನನ ಹೆಂಡತಿ ಕೊನೆಯಲ್ಲಿ ಮನೆ ಬಿಟ್ಟು ಹೋಗುವ ಕಥೆ. ಬಸವೇಶ್ವರಿ ಇದನ್ನು ನಿನ್ನೆಯೇ ಹರಿದು ಹಾಕಿದ್ದಾಳೆ: "ಏಕದಮ್ ಎದ್ದು ಹೋಗ್ತಾಳ್ರಿ, ಕಾರಣಾನೇ ಇಲ್ಲ." ಕಾರಣವಿದೆ. "ನಾ ಎಲ್ಲೂ ಹೋಗಲ್ಲ" ಎನ್ನುತ್ತಿರುವವಳು ಗಾಡಿಯ ಸಿಳ್ಳು ಕೇಳಿ ಮಾತು ನಿಲ್ಲಿಸುತ್ತಾಳೆ, ಗಾಡಿ ಪೂರ್ತಿ ದಾಟಿದ ಮೇಲೆ ಮಾತು ಮುಗಿಸುತ್ತಾಳೆ. ಎರಡು ಸಲ ಹಾಗಾಗುತ್ತದೆ. ಹೋಗುವವಳೇ ಹಾಗೆ ಕೇಳುವುದು. ಕಣ್ಣಿಟ್ಟುಕೊಂಡು ಕುಳಿತವಳಿಗೆ ಇದು ಹೇಗೆ ತಪ್ಪಿತು?

ಬರೆದು ಅಂಬರಾಯನಿಗೆ ಕೊಟ್ಟೆ, ಕಳಿಸು ಎಂದೆ. ಓದಿ ನನ್ನ ಕಡೆ ನೋಡಿದ. "ಒಳಗ ಬರ್ರಿ ಸರ್, ಬಿಸಲದ" ಎಂದ.

೪ ಅಕ್ಟೋಬರ್

ಓದಿದ್ದಾಳೆ, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಅವಳ ಮಾತು: "ಸೇಡಮ್ಮಿನ ಸರ್ ಹೇಳಿದ ಸಿಳ್ಳು ಖರೇ ಅದ್ರಿ, ನಂದು ತಪ್ಪು. ಆದ್ರ ಅದು ಒಂದ ಸಲ ಅದ, ಎರಡು ಸಲ ಇಲ್ಲ. ಸರ್ ಜರಾ ಕಿವಿನೂ ತಪಾಸ ಮಾಡಿಸ್ಕೋಬೇಕು."

ಕಿವಿ! ಈ ಹೆಂಗಸಿನ ಸೊಕ್ಕು ನೋಡಿ. ಅಂಬರಾಯನ ಅಂಗಡಿಯಲ್ಲಿ ಬಳಗದವರು ಕೇಳಿ ಬಿದ್ದು ಬಿದ್ದು ನಕ್ಕರಂತೆ. ನಾಳೆಯವರೆಗೆ ಮಾತ್ರ ಆ ಚಿತ್ರ ನಮ್ಮ ಊರಿನ ಟಾಕೀಸಿನಲ್ಲಿರುತ್ತದೆ.

೫ ಅಕ್ಟೋಬರ್, ಭಾನುವಾರ

ಮ್ಯಾಟಿನಿಗೆ ಹೋಗಿದ್ದೆವು. ಪದ್ಮಶ್ರೀಗೆ ಮೊದಲೇ ಹೇಳಿದ್ದೆ, ಸೀರೆ ಬ್ಯಾಡ, ಏನೂ ಹೇಳಬ್ಯಾಡ, ಸುಮ್ಮ ಕೇಳು. ಮೊದಲನೆಯ ಸಿಳ್ಳು ಜಗುಲಿಯ ಮೇಲೆ, ಸ್ಪಷ್ಟ. ಎರಡನೆಯದು ಬಾವಿಯ ಹತ್ತಿರ, ಸಂಗೀತದ ಅಡಿಯಲ್ಲಿ, ದೂರದಿಂದ. ಕೊಡ ಎತ್ತುವ ಬಳೆಯ ಸದ್ದು ನಿಲ್ಲುತ್ತದೆ. ಗಾಡಿ ದಾಟುತ್ತದೆ. ಬಳೆ ಮತ್ತೆ ಸದ್ದು ಮಾಡುತ್ತದೆ. ಪದ್ಮಶ್ರೀ ನನ್ನ ಮುಂಗೈ ಗಟ್ಟಿಯಾಗಿ ಹಿಡಿದಳು.

ಎರಡು ಸಲ. ಸಾಕ್ಷಿ ಇದೆ. ನಾಳೆ ಸೋಮವಾರ, ಅವಳಿಗೆ ರಜೆ. ಮಂಗಳವಾರ ಭಂಕೂರಕ್ಕೆ ಹೋಗಿ ಎದುರಿಗೇ ಒಪ್ಪಿಸುತ್ತೇನೆ. ಪದ್ಮಶ್ರೀ ಈಗಲೇ ಬುತ್ತಿಗೆ ರೊಟ್ಟಿ ಎಷ್ಟು ಎಂದು ಕೇಳುತ್ತಿದ್ದಾಳೆ. ಮೂವರಿಗೆ ಆಗುವಷ್ಟು ಎಂದೆ. ಜಗಳ ಊಟದ ಬಿಡುವಿನಲ್ಲೇ ಆಗಬೇಕಲ್ಲ.